ಕೆಮ್ಮಣ್ಣಿನ ಮೇಲೆ ಬಿದ್ದರೂ ಕಾಣುವ ಹಿಡಿ: ಚಾಕು, ಕತ್ತರಿ, ಮಚ್ಚುಗಳ ಬಣ್ಣ ಕುರಿತು ದೀರ್ಘ ಬಳಕೆಯ ವಿಮರ್ಶೆ

ಹೊರಾಂಗಣದ ಚಾಕು ಕೊಳ್ಳಲು ಹೊರಟವರಿಗೆ ಎಲ್ಲೆಡೆ ಸಿಗುವ ಸಲಹೆ ಒಂದೇ: ಕಿತ್ತಳೆ ಬಣ್ಣದ ಹಿಡಿ ತಗೊಳ್ಳಿ, ಕಳೆದುಹೋಗಲ್ಲ. ಹಿಮ ಬೀಳುವ, ನೆಲಕ್ಕೆ ಹಸಿರು ಪಾಚಿ ಹಾಸಿದ ಕಾಡುಗಳಲ್ಲಿ ಈ ಮಾತು ಸರಿ. ಬೆಂಗಳೂರಿನ ಸುತ್ತಮುತ್ತ ಕಿತ್ತಳೆಗೆ ಪೂರ್ತಿ ಅಂಕ ಸಿಗುವುದು ಮಳೆಗಾಲದಲ್ಲಿ ಮಾತ್ರ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹುಲ್ಲು, ಕಳೆ ಎಲ್ಲ ಹಸಿರಾಗಿರುವಾಗ ಅದು ಹತ್ತು ಹೆಜ್ಜೆ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ಡಿಸೆಂಬರ್ ದಾಟಿ ಹುಲ್ಲು ಒಣಗಿ, ತರಗೆಲೆ ಉದುರಿ, ಕೆಂಪು ಮಣ್ಣು ಮೇಲೆದ್ದ ಮೇಲೆ ಅದೇ ಕಿತ್ತಳೆ ನೆಲದಲ್ಲಿ ಸೇರಿಹೋಗುತ್ತದೆ. ಬರ್ಂಟ್ ಆರೆಂಜ್ ಎಂದು ಮಾರುವ ಮಾಸಲು ಛಾಯೆಯನ್ನಂತೂ ನಮ್ಮ ಕೆಮ್ಮಣ್ಣಿಗೆ ತರಲೇಬಾರದು. ಒಂದು ಸಲ ಕೆಸರು ಮೆತ್ತಿ ಒಣಗಿದರೆ ಹಿಡಿ ಯಾವುದು, ಮಣ್ಣುಹೆಂಟೆ ಯಾವುದು ಗೊತ್ತಾಗುವುದಿಲ್ಲ.

ಹಿಡಿಯ ಬಣ್ಣವನ್ನು ಅಂಗಡಿಯ ಗಾಜಿನ ಮೇಲಿಟ್ಟು ನೋಡಿದರೆ ಪ್ರಯೋಜನವಿಲ್ಲ, ಅದು ಬೀಳುವ ನೆಲದ ಮೇಲಿಟ್ಟು ನೋಡಬೇಕು. ಸಾವನದುರ್ಗ, ರಾಮನಗರದ ಬೂದುಬಣ್ಣದ ಗ್ರಾನೈಟ್ ಬಂಡೆಯ ಮೇಲೆ ಕೆಂಪು, ಕಿತ್ತಳೆ, ಗುಲಾಬಿ ಯಾವುದಾದರೂ ನಡೆಯುತ್ತದೆ. ತೋಟದ ಕೆಮ್ಮಣ್ಣಿನ ಮೇಲೆ ನೀಲಿ, ಬಿಳಿ, ನಿಂಬೆಹಳದಿ ಎದ್ದು ಕಾಣುತ್ತವೆ. ಕತ್ತರಿಸಿ ರಾಶಿ ಹಾಕಿದ ಸೊಪ್ಪಿನಲ್ಲಿ ಗುಲಾಬಿಗೆ ಸಾಟಿಯಿಲ್ಲ. ಊರೊಳಗೆ ಮರದ ಹೂಗಳನ್ನೂ ಲೆಕ್ಕಕ್ಕೆ ತಗೋಬೇಕು. ಗುಲಾಬಿ ಹೂವಿನ ಟಬೂಬಿಯಾ ಮರ ಹೂ ಉದುರಿಸುವ ವಾರಗಳಲ್ಲಿ ಅದರಡಿ ಗುಲಾಬಿ ಹಿಡಿ ಹುಡುಕುವುದು ಕಷ್ಟ. ಬೇಸಿಗೆಯಲ್ಲಿ ಕಾಪರ್‌ಪಾಡ್ ಮರ ಹಾಸುವ ಹಳದಿಯಲ್ಲಿ ಹಳದಿ ಹಿಡಿಗೂ ಅದೇ ಗತಿ. ಹಾಗಾಗಿ ಒಂದೇ ಬಣ್ಣವನ್ನು ನಂಬಬಾರದು. ಪಕ್ಕಪಕ್ಕದಲ್ಲಿ ಎರಡು ಬಣ್ಣದ ಪಟ್ಟಿ ಇದ್ದರೆ ಒಂದನ್ನು ನೆಲ ನುಂಗಿದರೂ ಇನ್ನೊಂದು ಉಳಿಯುತ್ತದೆ. ಫ್ಲೋರೊಸೆಂಟ್ ಗುಲಾಬಿಯ ಜೊತೆ ಬಿಳಿ ಅಥವಾ ನಿಂಬೆಹಳದಿ, ಇದು ನಮ್ಮ ನೆಲಕ್ಕೆ ಅತ್ಯುತ್ತಮ ಜೋಡಿ.

ಬಣ್ಣಕ್ಕಿಂತ ಮೊದಲು ಬೆಳಕಿನ ವಿಷಯ ತಿಳಿಯಬೇಕು. ಹಗಲಿನಲ್ಲಿ ನಮ್ಮ ಕಣ್ಣಿನ ಸೂಕ್ಷ್ಮತೆ ಅತಿ ಹೆಚ್ಚಿರುವುದು ಸುಮಾರು 555 ನ್ಯಾನೋಮೀಟರ್ ತರಂಗಾಂತರದ ಹಳದಿ ಮಿಶ್ರಿತ ಹಸಿರಿಗೆ. ಕತ್ತಲಾಗುತ್ತ ಬಂದಂತೆ ಅದು 507ರ ಕಡೆಗೆ, ಅಂದರೆ ನೀಲಿ ಹಸಿರಿನತ್ತ ಜಾರುತ್ತದೆ. ಇದಕ್ಕೆ ಪುರ್ಕಿಂಜೆ ಪರಿಣಾಮ ಎನ್ನುತ್ತಾರೆ. ಮುಸ್ಸಂಜೆಯಲ್ಲಿ ಮೊದಲು ಕಪ್ಪಾಗುವುದು ಕೆಂಪು. ಮಧ್ಯಾಹ್ನ ಕಣ್ಣು ಕುಕ್ಕುತ್ತಿದ್ದ ಕೆಂಪು ಹಿಡಿ ಸೂರ್ಯ ಮುಳುಗಿದ ಮೇಲೆ ಕಪ್ಪು ಕೋಲಾಗುತ್ತದೆ. ಬೆಂಗಳೂರಿನಲ್ಲಿ ಸೂರ್ಯಾಸ್ತ ನವೆಂಬರ್‌ನಲ್ಲಿ 6 ಗಂಟೆಗೂ ಮೊದಲೇ. ಕೆಲಸ ಮುಗಿಸಿ ಸಾಮಾನು ಎಣಿಸುವುದೂ ಅದೇ ಹೊತ್ತಿಗೆ. ಕಳೆದದ್ದನ್ನು ಹುಡುಕುವ ಬೆಳಕು ಅದೇ ಆದ್ದರಿಂದ ಹಿಡಿಯನ್ನು ಆ ಬೆಳಕಿನಲ್ಲೇ ಪರೀಕ್ಷಿಸಿ.

ನೀಲಿಯ ಬಗ್ಗೆ ಒಂದು ಎಚ್ಚರಿಕೆ. ಕೆಮ್ಮಣ್ಣಿನ ಮೇಲೆ ಹತ್ತಿರದಿಂದ ಅದು ತುಂಬ ಚೆನ್ನ. ಆದರೆ ನೋಟದ ನಟ್ಟನಡುವೆ ನೀಲಿಯನ್ನು ಗ್ರಹಿಸುವ ಕೋಶಗಳು ಇಲ್ಲ. ಚಿಕ್ಕ ನೀಲಿ ಗುರುತು ದೂರದಿಂದ ಬಣ್ಣ ಕಳೆದುಕೊಂಡು ಬರೀ ಕಪ್ಪಾಗಿ ತೋರುವುದು ಅದಕ್ಕೇ. ಇಡೀ ಹಿಡಿಯೇ ನೀಲಿಯಾಗಿದ್ದರೆ ಸರಿ, ಬೆರಳಗಲದ ನೀಲಿ ಪಟ್ಟಿಯಿಂದ ಉಪಯೋಗವಿಲ್ಲ. ಪಟ್ಟಿಯ ಅಳತೆಗೂ ಲೆಕ್ಕವಿದೆ. ಒಳ್ಳೆಯ ದೃಷ್ಟಿ ಇರುವವರಿಗೆ 10 ಮೀಟರ್ ದೂರದಲ್ಲಿ ಬೇರೆಬೇರೆಯಾಗಿ ಕಾಣುವ ಕನಿಷ್ಠ ಅಳತೆ ಸುಮಾರು 3 ಮಿ.ಮೀ. ಬಣ್ಣ ಗುರುತಿಸಲು ಅದರ ಹಲವು ಪಟ್ಟು ಬೇಕು. ಅರ್ಧ ಭಾಗ ಎಲೆಯಡಿ ಮುಚ್ಚಿಹೋಗುವುದೂ ಇದೆ. ಹಾಗಾಗಿ ಒಂದೊಂದು ಪಟ್ಟಿಯೂ 40 ಮಿ.ಮೀ.ಗಿಂತ ಕಡಿಮೆ ಇರಬಾರದು.

ಕಂಪನಿಯ ಬಣ್ಣಗಳಿಗೆ ಬಂದರೆ, ಫಿಸ್ಕಾರ್ಸ್‌ನ ಕಿತ್ತಳೆ ಕತ್ತರಿ ಹುಟ್ಟಿದ್ದು 1967ರಲ್ಲಿ, ಜ್ಯೂಸರ್ ತಯಾರಿಕೆಯಲ್ಲಿ ಉಳಿದಿದ್ದ ಪ್ಲಾಸ್ಟಿಕ್‌ನಿಂದ. ಆಕಸ್ಮಿಕವಾಗಿ ಬಂದರೂ ಹಸಿರು ತೋಟಕ್ಕೆ ಅದು ಹೇಳಿ ಮಾಡಿಸಿದ ಬಣ್ಣ. ವಿಕ್ಟೊರಿನಾಕ್ಸ್ ಮಡಿಸುವ ಚಾಕುಗಳ ಕೆಂಪು, ಹಿಮದಲ್ಲಿ ಕಾಣುವ ಬಣ್ಣ. ನಮ್ಮಲ್ಲಿ ಹುಲ್ಲಿನ ಮೇಲೆ ಸರಿ, ಕೆಮ್ಮಣ್ಣಿನ ಮೇಲೆ ಸುಮಾರು, ಸಂಜೆಗೆ ಇಲ್ಲವೇ ಇಲ್ಲ. ಅವರದೇ ರೆಸ್ಕ್ಯೂ ಟೂಲ್‌ನ ಹಳದಿ ಹಿಡಿ ಬೆಳಕು ಕುಡಿದು ಕತ್ತಲಲ್ಲಿ ಮಿನುಗುವಂಥದ್ದು. ನೋಡಿದ ಮಟ್ಟಿಗೆ ಬೆಳಕಿನ ವಿಷಯವನ್ನು ಅಷ್ಟು ಗಂಭೀರವಾಗಿ ಯೋಚಿಸಿ ಮಾಡಿದ ಮಡಿಸುವ ಚಾಕು ಕಡಿಮೆ. ಫೆಲ್ಕೋ 2 ಸವರುಗತ್ತರಿಯ ಕೆಂಪು ಹಿಡಿಗೂ ಸಂಜೆಯ ದೋಷ ಇದ್ದೇ ಇದೆ, ಆದರೆ ಅದು ದೊಡ್ಡದು, ಬೆಲ್ಟಿನ ಚೀಲದಲ್ಲೇ ಇರುವಂಥದ್ದು; ಎರಡೂ ಹಿಡಿಯ ತುದಿಗೆ ನಿಂಬೆಹಳದಿ ಟೇಪ್ ಸುತ್ತಿದರೆ ಸಾಕು. ಮೊರಾ ಕಂಪ್ಯಾನಿಯನ್, 104 ಮಿ.ಮೀ. ಉದ್ದ, 2.5 ಮಿ.ಮೀ. ದಪ್ಪದ ಅಲಗಿನ ಆ ಸರಳ ಚಾಕು, ಹಲವು ಬಣ್ಣಗಳಲ್ಲಿ ಸಿಗುತ್ತದೆ. ಹಸಿರು ಹಿಡಿಯದು ಚೆಂದ ಎಂದು ಅದನ್ನೇ ಆರಿಸಬೇಡಿ, ಅದು ತೋಟದಲ್ಲಿ ಅಡಗಿಕೊಳ್ಳುವ ಬಣ್ಣ. ಒಪಿನೆಲ್ ಚಾಕುವಿನ ಬೀಚ್ ಮರದ ಹಿಡಿ ತರಗೆಲೆಯ ಬಣ್ಣವೇ. ಅದರ ತುದಿಗೆ ಬಣ್ಣ ಹಚ್ಚದೆ ಹೊರಗೆ ಒಯ್ಯಬಾರದು.

ನಮ್ಮ ಹೆಚ್ಚಿನ ಉಪಕರಣಗಳು ಬರುವುದು ಕೆ.ಆರ್. ಮಾರುಕಟ್ಟೆಯಿಂದ, ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಿಂದ. ಮಚ್ಚು, ಕುಡುಗೋಲು, ಕುರ್ಪಿ, ಸಣ್ಣ ಕೊಡಲಿ, ಎಲ್ಲವೂ ಮರದ ಕಾವಿನವು, ಎಲ್ಲವೂ ಮಣ್ಣಿನ ಬಣ್ಣ. ಇವುಗಳಿಗೆ ಬಣ್ಣ ನಾವೇ ಹಚ್ಚಬೇಕು, ಹಚ್ಚುವ ಕ್ರಮ ತಪ್ಪಿದರೆ ಎರಡು ತಿಂಗಳಿಗೆ ಹಪ್ಪಳೆ ಏಳುತ್ತದೆ.

ಕಾವಿಗೆ ಎಣ್ಣೆ ಕುಡಿಸಿದ್ದರೆ ಮೊದಲು ಕೆಲವು ವಾರ ಒಣಗಲು ಬಿಡಿ. ಎಣ್ಣೆ ಹಸಿಯಿರುವ ಮರಕ್ಕೆ ಯಾವ ಬಣ್ಣವೂ ಕಚ್ಚುವುದಿಲ್ಲ. 120 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, 220ರಲ್ಲಿ ನಯ ಮಾಡಿ, ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿ. ಆಮೇಲೆ ಬಿಳಿ ಪ್ರೈಮರ್. ಇದನ್ನು ಬಿಟ್ಟುಬಿಡುವವರೇ ಹೆಚ್ಚು, ಬಣ್ಣ ಮಂಕಾಯಿತು ಎಂದು ದೂರುವವರೂ ಅವರೇ. ಫ್ಲೋರೊಸೆಂಟ್ ಬಣ್ಣ ಅರೆಪಾರದರ್ಶಕ. ಅದನ್ನು ದಾಟಿ ಒಳಹೋದ ಬೆಳಕನ್ನು ಬಿಳಿ ತಳ ಹಿಂದಕ್ಕೆ ಕಳಿಸಿದರೆ ಮಾತ್ರ ಅದು ಹೊಳೆಯುತ್ತದೆ. ಕಂದು ಮರದ ಮೇಲೆ ನೇರ ಹಚ್ಚಿದರೆ ಮರ ಆ ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರೈಮರ್ ಪೂರ್ತಿ ಒಣಗಿದ ಮೇಲೆ ಎರಡು ಮೂರು ತೆಳು ಲೇಪ ಕೊಡಿ. ಒಂದೇ ದಪ್ಪ ಲೇಪ ಸೋರುತ್ತದೆ, ಒಳಗೆ ಒಣಗುವುದಿಲ್ಲ. ಕೊನೆಗೆ ಬಿಸಿಲಿನ ನೇರಳಾತೀತ ಕಿರಣ (ಯುವಿ) ತಡೆಯುವ ಪಾರದರ್ಶಕ ವಾರ್ನಿಷ್. ಈ ಕೆಲಸವನ್ನು ಜನವರಿಯಿಂದ ಮೇ ಒಳಗೆ ಮುಗಿಸಿ. ಮಳೆಗಾಲದ ತೇವದಲ್ಲಿ ಬೇಗ ಆರುವ ಲ್ಯಾಕರ್ ಹೊಡೆದರೆ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಕೂತು ಬೆಳ್ಳಗೆ ಮಬ್ಬು ಕಟ್ಟುತ್ತದೆ.

ಇಡೀ ಕಾವಿಗೆ ಮಾತ್ರ ಹಚ್ಚಬೇಡಿ. ಅಂಗೈ ಕೂರುವ ಜಾಗದಲ್ಲಿ ಎನಾಮೆಲ್ ಇದ್ದರೆ ಬೆವರಿಗೆ ಜಾರುತ್ತದೆ, ಉಜ್ಜಿ ಬೊಕ್ಕೆ ಏಳುತ್ತದೆ. ಮಚ್ಚು ಕೈಜಾರುವುದು ಅದು ಕಳೆಯುವುದಕ್ಕಿಂತ ದೊಡ್ಡ ಅಪಾಯ. ಬುಡದ ತುದಿಯಲ್ಲಿ ಒಂದು ಪಟ್ಟಿ, ಅಲಗಿನ ಹತ್ತಿರ, ಬೆರಳು ತಾಗದ ಕಡೆ, ಇನ್ನೊಂದು ಪಟ್ಟಿ. ನಡುವಿನ ಮರ ಬರಿದಾಗಿಯೇ ಇರಲಿ. ಎರಡು ತುದಿಗೂ ಬಣ್ಣವಿದ್ದರೆ ಸೊಪ್ಪಿನಡಿ ಯಾವ ತುದಿ ಸಿಕ್ಕಿದರೂ ಗುರುತು ಸಿಗುತ್ತದೆ, ಜೊತೆಗೆ ಅಲಗು ಎತ್ತ ಕಡೆ ಇದೆ ಎಂದು ಕೈ ಹಾಕುವ ಮುಂಚೆಯೇ ತಿಳಿಯುತ್ತದೆ. ಇದಕ್ಕಾಗಿ ಎರಡು ಪಟ್ಟಿಗೂ ಬೇರೆ ಬೇರೆ ಬಣ್ಣ ಕೊಡಿ, ಮನೆಯ ಎಲ್ಲ ಉಪಕರಣಗಳಲ್ಲೂ ಒಂದೇ ಕ್ರಮ ಇಟ್ಟುಕೊಳ್ಳಿ.

ಬಣ್ಣದ ತಲೆನೋವು ಬೇಡ ಎನ್ನುವವರಿಗೆ ಕ್ರಿಕೆಟ್ ಬ್ಯಾಟಿನ ರಬ್ಬರ್ ಗ್ರಿಪ್ ಒಳ್ಳೆಯ ದಾರಿ. ನಿಯಾನ್ ಬಣ್ಣಗಳಲ್ಲಿ ಸಿಗುತ್ತದೆ, ಜಾರುವುದಿಲ್ಲ, ಬ್ಯಾಟಿನ ಹಿಡಿಯಷ್ಟು ದಪ್ಪವಿರುವ ಮಚ್ಚು, ಕೊಡಲಿಯ ಕಾವಿಗೆ ಬಿಗಿಯಾಗಿ ಕೂರುತ್ತದೆ. ಕುಡುಗೋಲಿನ ತೆಳು ಹಿಡಿಗೆ ಸಡಿಲ. ಅಲ್ಲಿ ಬ್ಯಾಡ್ಮಿಂಟನ್ ಓವರ್‌ಗ್ರಿಪ್ ಸುತ್ತಬಹುದು, ಆದರೆ ಅದು ಮಣ್ಣು ಹೀರಿ ಬೇಗ ಕೆಂಪಾಗುತ್ತದೆ, ಆಗಾಗ ಬದಲಾಯಿಸಬೇಕು. ರಬ್ಬರ್ ಗ್ರಿಪ್‌ನ ದೋಷ ಒಳಗಡೆ: ಮಳೆನೀರು ಮರದ ಮತ್ತು ರಬ್ಬರಿನ ನಡುವೆ ನಿಂತು ಮರ ಕೊಳೆಯುತ್ತದೆ, ಕಾವಿನೊಳಗೆ ಇಳಿದಿರುವ ಅಲಗಿನ ಬಾಲ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ಒಣಗಿಸಿ. ಎಸ್‌ಪಿ ರಸ್ತೆಯಲ್ಲಿ ಸಿಗುವ, ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಹೀಟ್‌ಶ್ರಿಂಕ್ ಕೊಳವೆ ಸಣ್ಣ ಲೋಹದ ಹಿಡಿಗಳಿಗೆ ಅಚ್ಚುಕಟ್ಟು. 2:1ರದ್ದು ತಗೊಂಡರೆ 30 ಮಿ.ಮೀ. ಕೊಳವೆ 15ರವರೆಗೆ ಕುಗ್ಗುತ್ತದೆ, 20 ಮಿ.ಮೀ. ಹಿಡಿಗೆ ಸರಿ. ಪ್ಲಾಸ್ಟಿಕ್ ಹಿಡಿಗೆ ಬಿಸಿಗಾಳಿ ಹಿಡಿಯಬೇಡಿ. ವೈರಿಂಗ್‌ನ ಪಿವಿಸಿ ಟೇಪ್ ಬೇಡ. ಬೇಸಿಗೆ ಬಿಸಿಲಿಗೆ ಅಂಟು ಹೊರಗೆ ಬಂದು ಕೈಗೆ ಮೆತ್ತುತ್ತದೆ. ಪ್ಯಾರಾಕಾರ್ಡ್ ಎಂಬ ತೆಳು ನೈಲಾನ್ ಹಗ್ಗ ಸುತ್ತುವುದು ನೋಡಲು ಚೆಂದ, ಬಳಕೆಗೆ ಕೆಸರಿನ ಗೂಡು.

ಫ್ಲೋರೊಸೆಂಟ್ ಬಣ್ಣ ನೇರಳಾತೀತ ಮತ್ತು ನೀಲಿ ಬೆಳಕನ್ನು ಹೀರಿ ಕಣ್ಣಿಗೆ ಕಾಣುವ ಬೆಳಕಾಗಿ ಹೊರಬಿಡುತ್ತದೆ. ಮೋಡದ ದಿನವೂ ಅದು ಹೊಳೆಯುವುದು ಅದಕ್ಕೆ, ಬಿಸಿಲಿನಲ್ಲಿ ಬೇಗ ಸಾಯುವುದೂ ಅದಕ್ಕೇ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನ ಬಿಸಿಲು ಸಾಮಾನ್ಯವಲ್ಲ. ಟೆರೇಸಿನ ಮೇಲೆ ಬಿಟ್ಟ ಉಪಕರಣದ ನಿಯಾನ್ ಗುಲಾಬಿ ಕೆಲವೇ ತಿಂಗಳಲ್ಲಿ ಮಾಸಲು ಬಿಳಿಗೆ ತಿರುಗುತ್ತದೆ, ಒಳಗೆ ನೇತುಹಾಕಿದ್ದು ವರ್ಷಗಳ ಕಾಲ ಬಾಳುತ್ತದೆ. ಸಾಮಾನ್ಯ ಹಳದಿ, ಬಿಳಿ ಎನಾಮೆಲ್‌ಗೆ ಈ ತೊಂದರೆ ಕಡಿಮೆ. ಜೋಡಿಯಲ್ಲಿ ಒಂದನ್ನಾದರೂ ಸಾಮಾನ್ಯ ಬಣ್ಣವಾಗಿ ಇಡುವುದು ಇದೇ ಕಾರಣಕ್ಕೆ.

ಒಂದು ಸುಲಭ ಪರೀಕ್ಷೆ: ಉಪಕರಣವನ್ನು ನೀವು ಕೆಲಸ ಮಾಡುವ ನೆಲದ ಮೇಲೆ ಬಿಡಿ, ಐದು ಮೀಟರ್ ದೂರದಿಂದ ಫೋನಿನಲ್ಲಿ ಕಪ್ಪುಬಿಳುಪು ಚಿತ್ರ ತೆಗೆಯಿರಿ. ಅದರಲ್ಲೂ ಹಿಡಿ ಕಾಣಿಸಿದರೆ ಬಣ್ಣ ಗೆದ್ದಂತೆ. ಮಾಯವಾದರೆ ಅದು ಬರೀ ಬಣ್ಣದ ವ್ಯತ್ಯಾಸದ ಮೇಲೆ ನಿಂತಿದೆ, ಮುಸ್ಸಂಜೆಗೆ ಕೈಕೊಡುತ್ತದೆ. ಕೆಂಪು-ಹಸಿರು ವ್ಯತ್ಯಾಸ ಕಾಣದವರಿಗೆ, ಗಂಡಸರಲ್ಲಿ ಇಂಥವರು ಹೆಂಗಸರಿಗಿಂತ ಬಹಳ ಹೆಚ್ಚು, ಹಗಲಲ್ಲೂ ಅಂಥ ಹಿಡಿ ಕಾಣದೆ ಹೋಗಬಹುದು. ಕಟ್ಟಡದ ತೋಟ ನೋಡಿಕೊಳ್ಳಲು ನಾಲ್ಕಾರು ಜನ ಸೇರುವಲ್ಲಿ ಇದನ್ನು ಮರೆಯಬಾರದು.

ರಾತ್ರಿಗೆ ಬೇರೆಯೇ ವ್ಯವಸ್ಥೆ ಬೇಕು. ವಾಹನಗಳಿಗೆ ಅಂಟಿಸುವ ಪ್ರತಿಫಲಕ ಟೇಪಿನ ಸಣ್ಣ ತುಂಡು ಸಾಕು. ಅದು ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುತ್ತದೆ, ಆದ್ದರಿಂದ ಹಣೆಗೆ ಕಟ್ಟಿದ ಟಾರ್ಚ್‌ನಿಂದ ಹುಡುಕಿದರೆ ಥಟ್ಟನೆ ಸಿಗುತ್ತದೆ. ಸೊಂಟದ ಬಳಿ ಹಿಡಿದ ಟಾರ್ಚ್‌ನಿಂದ ಅಷ್ಟು ಹೊಳೆಯದು.

ಒರೆಗೂ ಹಿಡಿಗೂ ಬೇರೆ ಬಣ್ಣವಿರಲಿ. ಹೊಳೆಯುವ ಒರೆ, ಕಪ್ಪು ಹಿಡಿ ತೀರ ತಪ್ಪು ಜೋಡಿ, ಏಕೆಂದರೆ ಬೀಳುವುದು ಚಾಕು, ಒರೆ ಬೆಲ್ಟಿನಲ್ಲೇ ಉಳಿಯುತ್ತದೆ. ಕಪ್ಪು ಒರೆಯ ಬಾಯಲ್ಲಿ ಗುಲಾಬಿ ಇಲ್ಲದಿದ್ದರೆ ಪಕ್ಕದವರಿಗೂ ತಕ್ಷಣ ಗೊತ್ತಾಗುತ್ತದೆ. ಸವರಿದ ಕೊಂಬೆಗಳನ್ನು ಯಂತ್ರಕ್ಕೆ ಹಾಕಿ ಪುಡಿ ಮಾಡುವ ಕಡೆ ಇದು ಜೀವದ ಪ್ರಶ್ನೆ. ರಾಶಿಯಲ್ಲಿ ಸೇರಿಹೋದ ಕತ್ತರಿ ಯಂತ್ರದ ಬ್ಲೇಡಿಗೆ ಸಿಕ್ಕರೆ ಉಕ್ಕಿನ ಚೂರು ಹಾರುತ್ತದೆ. ರಾಶಿ ಎತ್ತುವ ಮೊದಲು ಹಿಡಿಗಳನ್ನು ಎಣಿಸಿ.

ಕೆರೆಯಂಚಿನಲ್ಲಿ ಜಲಕಳೆ ತೆಗೆಯುವವರಿಗೆ ಬಣ್ಣ ಒಂದೇ ಸಾಲದು, ಮುಳುಗಿದ ಮೇಲೆ ಯಾವ ಬಣ್ಣವೂ ಕಾಣುವುದಿಲ್ಲ. 100 ಗ್ರಾಂ ಉಕ್ಕು ನೀರಿನಲ್ಲಿ ಸುಮಾರು 13 ಗ್ರಾಂ ಮಾತ್ರ ಹಗುರಾಗುತ್ತದೆ, ಉಳಿದ 87 ಗ್ರಾಂ ಎತ್ತಲು ಹಗುರ ಫೋಮ್ ಸುಮಾರು 95 ಘನ ಸೆಂ.ಮೀ. ಬೇಕು. ತೆರೆದ ರಂಧ್ರದ ಸ್ಪಂಜು ನೀರು ಕುಡಿದು ಮುಳುಗುತ್ತದೆ, ಮುಚ್ಚಿದ ರಂಧ್ರದ ಇವಿಎ ಫೋಮ್ ಆಗಬೇಕು. ನಿಂಬೆಹಳದಿ ಫೋಮ್ ಜಲಕಳೆಯ ಹಸಿರಿನಲ್ಲಿ ಕಲೆತುಹೋಗುತ್ತದೆ. ಅಲ್ಲಿಗೆ ಕಿತ್ತಳೆಯೇ ಸರಿ.