ಭಿನ್ನರಾಶಿ ಸಮೀಕರಣ ಬಿಡಿಸಲು ಕಲಿಸಿದ ಅಕ್ಕೋರು: ವಿಜಯಪುರದ ಒಂದು ಮನೆಪಾಠ

ಮಗಳು ಎಂಟನೇ ಕ್ಲಾಸು. ಜೂನ್‌ನಿಂದ ಇಲ್ಲೇ ಆಶ್ರಮ ರಸ್ತೆ ಕಡೆ ಒಬ್ಬ ಅಕ್ಕೋರ ಹತ್ತಿರ ಗಣಿತಕ್ಕೆ ಟ್ಯೂಷನ್ ಹಚ್ಚಿದ್ದೇವೆ. ಮನೆಯ ಮುಂದಿನ ಕೋಣೆ, ಹತ್ತೇ ಮಕ್ಕಳು, ತಿಂಗಳಿಗೆ 700 ರೂಪಾಯಿ. ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಹೋದ ವರ್ಷ ಬೇರೆ ಕಡೆ ಕಳಿಸಿದ್ದೆವು. ಅಲ್ಲಿ ‘ಪದ ಸಮ ಚಿಹ್ನೆಯ ಆ ಕಡೆ ಹೋದರೆ ಅದರ ಚಿಹ್ನೆ ಬದಲಾಗುತ್ತದೆ’ ಅಂತ ಸುಮ್ನೆ ಬಾಯಿಪಾಠ ಮಾಡಿಸಿದರು, ಯಾಕೆ ಬದಲಾಗುತ್ತದೆ ಅಂತ ಯಾರೂ ಹೇಳಲಿಲ್ಲ, ಹಾಗಾಗಿ ಸಮೀಕರಣದಲ್ಲಿ ಭಿನ್ನರಾಶಿ ಕಂಡ ಕೂಡಲೇ ಇವಳು ಪೆನ್ನು ಕೆಳಗಿಡುತ್ತಿದ್ದಳು.

ಅಕ್ಕೋರು ಜೋಳದ ಲೆಕ್ಕದಿಂದ ಶುರು ಮಾಡಿದರು. ಬೆಳೆದದ್ದರಲ್ಲಿ ಅರ್ಧ ಮಾರಿದೆವು, ಮೂರರಲ್ಲಿ ಒಂದು ಪಾಲು ಮನೆಗೆ ಇಟ್ಟುಕೊಂಡೆವು, 5 ಚೀಲ ಉಳಿಯಿತು, ಒಟ್ಟು ಎಷ್ಟು? ಗೊತ್ತಿಲ್ಲದ ಸಂಖ್ಯೆಗೆ ‘ಯಾ’ ಅಂತ ಬರೆಸಿದರು. 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ಬರೆಯುತ್ತಿದ್ದದ್ದೂ ಹಾಗೇ, ‘ಯಾವತ್ ತಾವತ್’ (ಎಷ್ಟೋ ಅಷ್ಟು) ಅನ್ನುವುದರ ಮೊದಲ ಅಕ್ಷರ ಅದು. ಯಾ − ಯಾ/2 − ಯಾ/3 = 5. 2 ಮತ್ತು 3ರ ಲ.ಸಾ.ಅ., ಅಂದರೆ ಎರಡರಿಂದಲೂ ಶೇಷ ಉಳಿಯದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, 6. ತಕ್ಕಡಿಯ ಎರಡೂ ತಟ್ಟೆ ಸಮ ಇರಬೇಕಲ್ವಾ, ಅದಕ್ಕೆ ಎರಡೂ ಬದಿಯ ಒಂದೊಂದು ಪದವನ್ನೂ 6ರಿಂದ ಗುಣಿಸಬೇಕು: 6ಯಾ − 3ಯಾ − 2ಯಾ = 30. ಛೇದಗಳೆಲ್ಲ ಹೋದವು. ಯಾ ಅಂದರೆ 30 ಚೀಲ.

ಆಮೇಲೆ ಎಕ್ಸ್‌ಗೆ ಬಂದರು. ನನಗೆ ಜಾಸ್ತಿ ಇಷ್ಟವಾಗಿದ್ದು ಅವರು ತಪ್ಪು ಉತ್ತರಕ್ಕೆ ಕೆಂಪು ಗೀಟು ಹಾಕದೇ ಇರುವುದು. (ಎಕ್ಸ್ − 1)/2 − (ಎಕ್ಸ್ − 3)/4 = 3, ಇದಕ್ಕೆ ಮಗಳು 17 ಅಂತ ತಂದಳು. ‘ತಿರುಗಿ ಹಾಕಿ ನೋಡು’ ಅಂದರು. ಹಾಕಿದರೆ 8ರಲ್ಲಿ ಮೂರೂವರೆ ಕಳೆದು ನಾಲ್ಕೂವರೆ ಬಂತು, 3 ಬರಲಿಲ್ಲ. ಅವಳೇ ಹಿಂದಕ್ಕೆ ಹೋಗಿ, ಆವರಣದ ಮುಂದಿನ ಕಳೆಯುವ ಚಿಹ್ನೆ ಒಳಗಿನ ಎರಡೂ ಪದಕ್ಕೆ ಸೇರಬೇಕು, ತಾನು ಎಕ್ಸ್‌ಗೆ ಮಾತ್ರ ಸೇರಿಸಿದ್ದೆ ಅಂತ ಹುಡುಕಿದಳು. ಉತ್ತರ 11. ಆವತ್ತು ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಇದನ್ನು ಹೇಳಿದಳು.

ಕೊರತೆಯೂ ಇದೆ. ಕೋಣೆ ಇಕ್ಕಟ್ಟು, ಇರುವುದು ಒಂದೇ ಫ್ಯಾನು, ನಮ್ಮ ಊರಿನ ಬಿಸಿಲಿಗೆ ಅದು ಸಾಲದು. ಒಂದು ದಿನ ತಪ್ಪಿಸಿದರೆ ಆ ಪಾಠ ಮತ್ತೆ ಸಿಗುವುದಿಲ್ಲ, ನೆಗಡಿ ಜ್ವರ ಬಂದ ಮಕ್ಕಳಿಗೆ ಏನಾದರೂ ದಾರಿ ಮಾಡಬೇಕು.

ಸೇರಿಸುವವರು ಜೂನ್ ಮೊದಲ ವಾರದಲ್ಲೇ ಹೋಗಿ ಕೇಳಿ. ಹನ್ನೊಂದನೇ ಮಗುವನ್ನು ಅವರು ತೆಗೆದುಕೊಳ್ಳುವುದಿಲ್ಲ.