ರಾಯಚೂರಿನ ಬೇಸಿಗೆಯಲ್ಲಿ ಆರ್‌ಟಿಎಕ್ಸ್ 5060 ಟಿಐ: ಮದುವೆ ವಿಡಿಯೊ ಎಡಿಟ್ ಮಾಡುವವರು ಮೊದಲು ನೋಡಬೇಕಾದದ್ದು

ಆರು ಜಿಬಿ ಮೆಮೊರಿಯ ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡನ್ನು (ಕಂಪ್ಯೂಟರಿನಲ್ಲಿ ಚಿತ್ರ, ವಿಡಿಯೊ ಕೆಲಸ ನೋಡಿಕೊಳ್ಳುವ ಭಾಗ) ಹಲವು ವರ್ಷ ದುಡಿಸಿಕೊಂಡ ಮೇಲೆ, ಎನ್‌ವಿಡಿಯಾ ಕಂಪನಿಯು 2025ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದ ಆರ್‌ಟಿಎಕ್ಸ್ 5060 ಟಿಐ ಕಾರ್ಡಿನ 16 ಜಿಬಿ ಮಾದರಿಯನ್ನು ನಮ್ಮ ಸ್ಟುಡಿಯೊಗೆ ತಂದೆವು. ನಮ್ಮದು ಮದುವೆಯ ವಿಡಿಯೊ ಕೆಲಸ. ಈ ಕಸುಬಿನಲ್ಲಿರುವ ಬಹಳಷ್ಟು ಜನ, ಆಟಗಳಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತದೆ ಎಂಬ ಪಟ್ಟಿಯನ್ನು ನೋಡಿಯೇ ಕಾರ್ಡ್ ಆರಿಸುತ್ತಾರೆ. ಹಳೆಯ ಕಾರ್ಡನ್ನು ನಾನು ಕೊಂಡದ್ದೂ ಹಾಗೆಯೇ. ಹೊಸ ಕಾರ್ಡಿನೊಂದಿಗೆ ಒಂದು ಚಳಿಗಾಲವನ್ನೂ ಒಂದು ಬೇಸಿಗೆಯನ್ನೂ ಕಳೆದ ಮೇಲೆ, ಆ ಪಟ್ಟಿಯನ್ನು ನಮ್ಮಂಥವರು ಎಲ್ಲಕ್ಕಿಂತ ಕೊನೆಯಲ್ಲಿ ನೋಡಿದರೆ ಸಾಕು ಎಂದು ಹೇಳುವ ಧೈರ್ಯ ಬಂದಿದೆ.

ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಕ್ಯಾಮೆರಾ ಬರೆದುಕೊಟ್ಟ ಫೈಲನ್ನು ಕಾರ್ಡು ತಾನೇ ಬಿಡಿಸಿ ಓದಬಲ್ಲದೇ ಎಂಬುದು. ನಾವು ಬಳಸುವ ಸೋನಿ ಎ7 4ರಂತಹ ಕ್ಯಾಮೆರಾಗಳು 10 ಬಿಟ್, 4:2:2 ಬಗೆಯಲ್ಲಿ 4ಕೆ ವಿಡಿಯೊ ಬರೆಯುತ್ತವೆ. ಇದರಲ್ಲಿ ಪ್ರತಿಯೊಂದು ಪಿಕ್ಸೆಲ್‌ಗೂ ಅದರದೇ ಬೆಳಕಿನ ಮಾಹಿತಿ ಇರುತ್ತದೆ, ಬಣ್ಣದ ಮಾಹಿತಿಯನ್ನು ಮಾತ್ರ ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳು ಹಂಚಿಕೊಳ್ಳುತ್ತವೆ. 4:2:0 ಬಗೆಯಲ್ಲಾದರೆ ನಾಲ್ಕು ಪಿಕ್ಸೆಲ್‌ಗಳಿಗೆ ಸೇರಿ ಒಂದೇ ಬಣ್ಣ. ಇಳಕಲ್ ಸೀರೆಯ ಕೆಂಪು ಸೆರಗಿನ ಅಂಚು, ಹಣೆಯ ಕುಂಕುಮ, ಅರಿಶಿನ ಹಚ್ಚಿದ ಕೆನ್ನೆ, ಇವುಗಳ ಬಣ್ಣವನ್ನು ತಿದ್ದುವಾಗ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ಅದರಲ್ಲೂ ಕೆಂಪು ಬಣ್ಣದ ಅಂಚು ಒಡೆಯುವುದು ಬೇಗ. ಆದ್ದರಿಂದ 4:2:2 ಬಿಡುವ ಮಾತೇ ಇರಲಿಲ್ಲ. ಆದರೆ ಎನ್‌ವಿಡಿಯಾದ ಹಿಂದಿನ ಪೀಳಿಗೆಗಳ ಆರ್‌ಟಿಎಕ್ಸ್ 3060, 4060ರಂತಹ ಕಾರ್ಡುಗಳೂ 4:2:2 ಫೈಲನ್ನು ತಾವಾಗಿ ಬಿಡಿಸಲಾರವು; ಅವು ಸುಮ್ಮನಿರುತ್ತವೆ, ಪೂರ್ತಿ ಭಾರ ಪ್ರೊಸೆಸರಿನ ಮೇಲೆ ಬೀಳುತ್ತದೆ. ನಮ್ಮಲ್ಲಿ ಪ್ರತಿ ಮದುವೆಯ ದೃಶ್ಯಗಳಿಗೂ ರಾತ್ರಿಯಿಡೀ ಪ್ರಾಕ್ಸಿ ಫೈಲ್, ಅಂದರೆ ಎಡಿಟ್ ಮಾಡಲೆಂದೇ ಹಗುರವಾದ ನಕಲು, ಮಾಡಿಟ್ಟು ಮರುದಿನ ಕೆಲಸಕ್ಕೆ ಕೂರುವ ಪರಿಪಾಠ ಬೆಳೆದದ್ದು ಇದೇ ಕಾರಣಕ್ಕೆ. 5060 ಟಿಐ ಸೇರಿರುವ 50ರ ಸರಣಿಯಲ್ಲಿ, ವಿಡಿಯೊವನ್ನು ಕುಗ್ಗಿಸಿಡುವ ಎಚ್.264 ಮತ್ತು ಎಚ್.265 ಎಂಬ ಎರಡೂ ವಿಧಾನಗಳ 4:2:2 ಫೈಲುಗಳನ್ನೂ ಕಾರ್ಡೇ ಬಿಡಿಸುತ್ತದೆ. ಎಡಿಟಿಂಗ್ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್‌ನ ಸ್ಟುಡಿಯೊ ಆವೃತ್ತಿಯಲ್ಲಿ ಮೂರು ಕ್ಯಾಮೆರಾಗಳ ಮುಹೂರ್ತದ ದೃಶ್ಯವನ್ನು ಮೂಲ ಫೈಲಿನಲ್ಲಿಯೇ ತಡೆಯಿಲ್ಲದೆ ಓಡಿಸಿ ನೋಡಿದ ದಿನವೇ ಪ್ರಾಕ್ಸಿ ಮಾಡುವುದನ್ನು ನಿಲ್ಲಿಸಿದೆವು.

ಹಾಗೆಂದು ಎಲ್ಲರೂ ಇದನ್ನೇ ಕೊಳ್ಳಬೇಕಾಗಿಲ್ಲ. ವಿಡಿಯೊ ಓಡಿಸುವಾಗ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ: ಪ್ರೊಸೆಸರು ತುಂಬಿ ತುಳುಕುತ್ತಿದ್ದು, ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಚಿಪ್) ಪುಟದ ವಿಡಿಯೊ ಡಿಕೋಡ್ ಗೆರೆ ಮೇಲೇಳದೆ ಮಲಗಿದ್ದರೆ, ಫೈಲನ್ನು ಬಿಡಿಸುವ ಕೆಲಸ ಕಾರ್ಡಿನ ಕಡೆಗೆ ಹೋಗುತ್ತಿಲ್ಲ ಎಂದು ತಿಳಿಯುತ್ತದೆ. ಇಂಟೆಲ್‌ನ 11ನೇ ಪೀಳಿಗೆಯಿಂದೀಚಿನ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರುಗಳು ಎಚ್.265ರ 4:2:2 ಫೈಲುಗಳನ್ನು ಬಿಡಿಸಬಲ್ಲವು; ಅವನ್ನು ಬಳಸುವವರು ಈ ಒಂದು ಕಾರಣಕ್ಕಾಗಿ ಹಣ ಸುರಿಯಬೇಕಾಗಿಲ್ಲ. ಹಣ ಕಡಿಮೆ ಇರುವವರಿಗೆ ಇಂಟೆಲ್‌ನದೇ 12 ಜಿಬಿಯ ಆರ್ಕ್ ಬಿ580 ಇದೆ, ಆದರೆ ಮದರ್‌ಬೋರ್ಡಿನಲ್ಲಿ ರಿಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರು ಒಮ್ಮೆಗೇ ಬಳಸಲು ಬಿಡುವ) ಸೌಲಭ್ಯವಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಅದಿಲ್ಲದೆ ಆ ಕಾರ್ಡು ಬಹಳ ಸೊರಗುತ್ತದೆ.

ಎರಡನೆಯದು ಮೆಮೊರಿ. ರಾತ್ರಿಯ ಆರತಕ್ಷತೆಯಲ್ಲಿ ಬೆಳಕು ಸಾಲದೆ ಬರುವ ಕಾಳುಕಾಳಾದ ಚಿತ್ರವನ್ನು ನಯಮಾಡಲು ಹೊರಟಾಗಲೆಲ್ಲ, ಜಿಪಿಯು ಮೆಮೊರಿ ತುಂಬಿದೆ ಎಂಬ ಸೂಚನೆ ಬಂದು ಹಳೆಯ ಕಾರ್ಡು ನಿಂತುಬಿಡುತ್ತಿತ್ತು. ಕಂಪ್ಯೂಟರಿಗೆ ರ‍್ಯಾಮ್ ಸೇರಿಸುವಂತೆ ಕಾರ್ಡಿಗೆ ಮೆಮೊರಿಯನ್ನು ಆಮೇಲೆ ಸೇರಿಸಲು ಬರುವುದಿಲ್ಲ. ಇಲ್ಲಿ ಕಂಪನಿಯ ಬಗ್ಗೆ ನನಗೆ ನಿಜವಾದ ಬೇಸರವಿದೆ: 5060 ಟಿಐ ಎಂಬ ಒಂದೇ ಹೆಸರಿನಲ್ಲಿ 8 ಜಿಬಿಯದನ್ನೂ 16 ಜಿಬಿಯದನ್ನೂ ಮಾರುತ್ತಾರೆ. ಅಮೆರಿಕದಲ್ಲಿ ಬಿಡುಗಡೆಯಾದಾಗ ಅವುಗಳ ಬೆಲೆ 379 ಮತ್ತು 429 ಡಾಲರ್, ಅಂದರೆ ಐವತ್ತೇ ಡಾಲರ್ ಅಂತರ. ಕೆಲಸದಲ್ಲಿ ಇರುವ ಅಂತರ ಅದಕ್ಕಿಂತ ಬಹಳ ದೊಡ್ಡದು. ಸಿಕಂದರಾಬಾದಿನ ಕಂಪ್ಯೂಟರ್ ಅಂಗಡಿಗಳ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ವಿಚಾರಿಸಿದಾಗ ಒಬ್ಬ ಅಂಗಡಿಯವರು ಹೇಳಿದ ಅಗ್ಗದ ಬೆಲೆ 8 ಜಿಬಿಯದೆಂದು ನಮಗೆ ತಿಳಿದದ್ದು ಡಬ್ಬಿಯನ್ನು ತಿರುಗಿಸಿ ನೋಡಿದ ಮೇಲೆ. ನಮ್ಮದು ಬಿ450 ಮದರ್‌ಬೋರ್ಡು, ಪಿಸಿಐಇ (ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಮಾಹಿತಿ ಓಡುವ ದಾರಿ) 3ನೇ ಆವೃತ್ತಿಯ ಕಾಲದ್ದು. ಕಾರ್ಡು ಆ ದಾರಿಯ ಎಂಟು ಲೇನುಗಳನ್ನು ಮಾತ್ರ ಬಳಸುತ್ತದೆ. ಹಳೆಯ ಬೋರ್ಡಿನಲ್ಲಿ ಆ ದಾರಿ ಇನ್ನೂ ಇಕ್ಕಟ್ಟು, ಆದ್ದರಿಂದ ಮೆಮೊರಿ ತುಂಬಿ ಮಾಹಿತಿ ಹೊರಗೆ ಚೆಲ್ಲುವ 8 ಜಿಬಿ ಮಾದರಿಗೆ ಇದರ ಪೆಟ್ಟು ಹೆಚ್ಚು.

ಇನ್ನು ಸೆಕೆ. ವಿಮರ್ಶಕರು ಕಾರ್ಡುಗಳನ್ನು ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸಿನ ತಂಪು ಕೋಣೆಯಲ್ಲಿ ಪರೀಕ್ಷಿಸುತ್ತಾರೆ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ಮದುವೆಗಳ ಭರಾಟೆಯೂ ಆಗಲೇ; ಹೀಗಾಗಿ ರೆಂಡರ್ (ಎಡಿಟ್ ಆದ ವಿಡಿಯೊವನ್ನು ಅಂತಿಮ ಫೈಲಾಗಿ ಹೊರತೆಗೆಯುವ) ಕೆಲಸ ಅತಿ ಹೆಚ್ಚಾಗುವ ದಿನಗಳೂ ಕೋಣೆ ಅತಿಯಾಗಿ ಕಾಯುವ ದಿನಗಳೂ ಒಂದೇ. ಫ್ಯಾನು ಕೋಣೆಯ ಗಾಳಿಯನ್ನೇ ಕಾರ್ಡಿಗೆ ಬೀಸುವುದರಿಂದ, ಕೋಣೆ ಎಷ್ಟು ಏರುತ್ತದೋ ಕಾರ್ಡೂ ಸುಮಾರು ಅಷ್ಟೇ ಏರುತ್ತದೆ. ಜನವರಿಯಲ್ಲಿ 64 ಡಿಗ್ರಿ ತೋರಿಸುತ್ತಿದ್ದ ನಮ್ಮ ಮೂರು ಫ್ಯಾನಿನ ಮಾದರಿ, ಮೇ ತಿಂಗಳ ಮಧ್ಯಾಹ್ನ ಏಸಿ ಇಲ್ಲದ ಕೋಣೆಯಲ್ಲಿ 77 ತೋರಿಸಿತು. ಕಾರ್ಡು ಎಳೆಯುವ ವಿದ್ಯುತ್ತಿನ ಮಿತಿಯನ್ನು ಶೇ 85ಕ್ಕೆ ಇಳಿಸಿದ ಮೇಲೆ ಶಾಖವೂ ಸದ್ದೂ ತಗ್ಗಿದವು, ರೆಂಡರಿನ ವೇಗ ತಗ್ಗಿದ್ದು ಗಮನಕ್ಕೆ ಬಾರದಷ್ಟು. ಎರಡು ಫ್ಯಾನಿನ ಚಿಕ್ಕ ಮಾದರಿ ಅಗ್ಗವಾಗಿ ಸಿಗುತ್ತಿತ್ತು. ಈ ಊರಿಗೆ ಅದನ್ನು ಶಿಫಾರಸು ಮಾಡಲಾರೆ. ನಮ್ಮ ಸ್ಟುಡಿಯೊ ಹತ್ತಿ ಮಾರಾಟವಾಗುವ ರಾಜೇಂದ್ರ ಗಂಜ್‌ಗೆ ಹತ್ತಿರವಿರುವುದರಿಂದ ಹತ್ತಿ ಬರುವ ಕಾಲದಲ್ಲಿ ನಾರಿನಂತಹ ದೂಳು ಜಾಲರಿಗೆ ಮೆತ್ತಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಕ್ಯಾಬಿನೆಟ್ ಬಿಚ್ಚಿ, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರ್ ಹಾಕುತ್ತೇವೆ.

ಕಾರ್ಡಿನ ಬೆಲೆಯ ಜೊತೆಗೆ ನಾನು ಲೆಕ್ಕ ಹಾಕದೆ ಬಿಟ್ಟದ್ದು ಯುಪಿಎಸ್. ಕಾರ್ಡು ಒಂದೇ 180 ವ್ಯಾಟ್ ಎಳೆಯುತ್ತದೆ, ಕಂಪನಿ ಹೇಳುವುದು 600 ವ್ಯಾಟ್‌ನ ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗಿನ ವಿದ್ಯುತ್ ಪೂರೈಕೆ ಪೆಟ್ಟಿಗೆ) ಇರಲಿ ಎಂದು. ನಮ್ಮ 450 ವ್ಯಾಟ್‌ನದನ್ನು ಅದಕ್ಕೇ ಬದಲಿಸಿದೆವು. ಯುಪಿಎಸ್ ಮಾತ್ರ ಹಳೆಯ 600 ವಿಎ ಇತ್ತು. ಅಂಥವು ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. ಕಾರ್ಡು, ಪ್ರೊಸೆಸರು, ಎರಡು ಮಾನಿಟರು ಸೇರಿದರೆ ಅಷ್ಟು ಅಲ್ಲಿಗೇ ಮುಗಿಯಿತು. ಮೊದಲ ವಾರವೇ ರೆಂಡರ್ ನಡುವೆ ಕರೆಂಟ್ ಹೋದಾಗ ಯುಪಿಎಸ್ ಒಂದು ಕ್ಷಣವೂ ತಾಳಲಿಲ್ಲ, ಮೂರು ಗಂಟೆಯ ಕೆಲಸ ಹೋಯಿತು. ವಿಎ ಎಂಬ ದೊಡ್ಡ ಅಂಕಿಯನ್ನು ಬಿಟ್ಟು ಕೆಳಗೆ ಸಣ್ಣದಾಗಿ ಬರೆದ ವ್ಯಾಟ್ ಅಂಕಿಯನ್ನು ನೋಡಿ ಕೊಳ್ಳಿ.

ಕಾರ್ಡನ್ನು ಕೊನೆಗೆ ರಾಯಚೂರಿನ ಅಂಗಡಿಯಲ್ಲಿಯೇ ತರಿಸಿಕೊಂಡೆವು. ಬೆಲೆ ಸ್ವಲ್ಪ ಹೆಚ್ಚಾಯಿತು, ಆದರೆ ಶೇ 18ರ ಜಿಎಸ್‌ಟಿ ಸೇರಿದ ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ಸಂಖ್ಯೆಯನ್ನೂ 16 ಜಿಬಿ ಎಂಬುದನ್ನೂ ಅವರು ಕೇಳದೆಯೇ ಬರೆದುಕೊಟ್ಟರು. ಬಿಲ್ಲನ್ನು ಅಂದೇ ಫೋಟೊ ತೆಗೆದು ಇಟ್ಟಿದ್ದೇನೆ. ವಾರಂಟಿ ಮೂರು ವರ್ಷದ್ದು, ಥರ್ಮಲ್ ಕಾಗದದ ಮೇಲಿನ ಅಕ್ಷರ ನಮ್ಮ ಸೆಕೆಯಲ್ಲಿ ಅಷ್ಟು ದಿನ ಉಳಿಯುವುದಿಲ್ಲ.