ತಾರಸಿಗೆ ಉಷ್ಣನಿರೋಧಕ: ಹಲಗೆಗೆ ಪೂರ್ಣ ಅಂಕ, ಅಂಚಿನ ಕೆಲಸಕ್ಕೆ ಇಲ್ಲ

ತಾರಸಿಯ ಮೇಲೆ ಎಕ್ಸ್‌ಪಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಫೋಮಿನ ಹಲಗೆಗಳನ್ನು ಹಾಸಿಸಿ, ಹಲವು ಬೇಸಿಗೆ, ಮಳೆ, ಚಳಿಗಳನ್ನು ಕಂಡ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹಲಗೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅದನ್ನು ಹಾಸಿದ ಗುತ್ತಿಗೆದಾರರು ತಾರಸಿಯ ಅಂಚಿನಲ್ಲಿ ಮಾಡದೆ ಬಿಟ್ಟ ಕೆಲಸವೇ ಈ ಬರಹಕ್ಕೆ ಕಾರಣ.

ಕಾಂಕ್ರೀಟ್ ಚಾವಣಿಯ ಕೆಳಗೆ ಮಲಗುವವರಿಗೆ ನಡುಹಗಲಿಗಿಂತ ರಾತ್ರಿಯ ಸೆಕೆಯೇ ಹೆಚ್ಚು ಹಿಂಸೆ. ಬಿಸಿಲಿನ ಶಾಖವು ಕಾಂಕ್ರೀಟಿನ ದಪ್ಪವನ್ನು ದಾಟಿ ಒಳಮುಖಕ್ಕೆ ಬರಲು ಕೆಲವು ಗಂಟೆಗಳು ಬೇಕಾಗುವುದರಿಂದ, ಹೊರಗೆ ತಂಗಾಳಿ ಬೀಸುವ ಹೊತ್ತಿಗೆ ಚಾವಣಿಯು ಹಗಲೆಲ್ಲ ಹೀರಿಕೊಂಡದ್ದನ್ನು ಕೋಣೆಯೊಳಕ್ಕೆ ಸೂಸತೊಡಗುತ್ತದೆ. ಈ ಕಾರಣಕ್ಕಾಗಿಯೇ ನಿರೋಧಕವನ್ನು ಚಾವಣಿಯ ಒಳಬದಿಗಿಂತ ಮೇಲ್ಬದಿಗೆ ಹಾಕಿಸುವುದು ಲೇಸು. ಶಾಖವು ಕಾಂಕ್ರೀಟನ್ನು ಮುಟ್ಟುವ ಮೊದಲೇ ಅದನ್ನು ತಡೆದರೆ, ರಾತ್ರಿ ಹೊರಸೂಸಲು ಹೆಚ್ಚೇನೂ ಉಳಿಯುವುದಿಲ್ಲ.

ಒಂದು ಸಣ್ಣ ಲೆಕ್ಕ ಎಲ್ಲರಿಗೂ ತಿಳಿದಿರಬೇಕು. ಎಕ್ಸ್‌ಪಿಎಸ್‌ನ ಉಷ್ಣವಾಹಕತೆ, ಅಂದರೆ ಶಾಖವನ್ನು ಹಾಯಗೊಡುವ ಗುಣ, ಮೆಟ್ರಿಕ್ ಅಳತೆಯಲ್ಲಿ ಸುಮಾರು 0.03, ಕಾಂಕ್ರೀಟಿನದು ಸುಮಾರು 1.5. ಅಂದರೆ 50 ಮಿಲಿಮೀಟರ್ ಹಲಗೆ ಒಡ್ಡುವ ತಡೆಯನ್ನು ಕಾಂಕ್ರೀಟಿನಿಂದಲೇ ಪಡೆಯಬೇಕಾದರೆ ಎರಡೂವರೆ ಮೀಟರ್ ದಪ್ಪ ಬೇಕು. ದಪ್ಪವನ್ನು ಮೀಟರಿನಲ್ಲಿ ಬರೆದು ಉಷ್ಣವಾಹಕತೆಯಿಂದ ಭಾಗಿಸಿದರೆ ಬರುವುದೇ ಆರ್-ಮೌಲ್ಯ, ಅಂದರೆ ಶಾಖಕ್ಕೆ ಒಡ್ಡುವ ತಡೆಯ ಅಳತೆ. ನನ್ನ ಹಲಗೆಗೆ ಅದು 1.7ರ ಆಸುಪಾಸು. ಅಮೆರಿಕದ ಅಳತೆಯಲ್ಲಿ ಬರೆದ ಆರ್-ಮೌಲ್ಯವು ಮೆಟ್ರಿಕ್ ಅಳತೆಯದಕ್ಕಿಂತ ಸುಮಾರು 5.7 ಪಟ್ಟು ದೊಡ್ಡದಾಗಿ ಕಾಣುವುದರಿಂದ, ಎರಡು ಕೊಟೇಶನ್‌ಗಳನ್ನು ಹೋಲಿಸುವ ಮುನ್ನ ಯಾವುದು ಯಾವ ಅಳತೆಯಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಬೇಕು. 100 ಮಿಲಿಮೀಟರ್ ಹಾಕಿಸುವಷ್ಟು ಹಣ ನನ್ನಲ್ಲಿರಲಿಲ್ಲ, ಅದರ ಕೊರತೆಯೂ ನನಗೆ ಕಾಣಲಿಲ್ಲ. ಬರಿಯ ಚಾವಣಿಗೆ ಹೋಲಿಸಿದರೆ ಮೊದಲ 50 ಮಿಲಿಮೀಟರೇ ಒಳನುಗ್ಗುವ ಶಾಖವನ್ನು ಸರಿಸುಮಾರು ಆರನೆಯ ಒಂದು ಭಾಗಕ್ಕೆ ಇಳಿಸುತ್ತದೆ. ದಪ್ಪವನ್ನು ಇಮ್ಮಡಿಗೊಳಿಸಿದಾಗ ಆ ಉಳಿದ ಭಾಗದಲ್ಲಿ ಅರ್ಧದಷ್ಟು ಮಾತ್ರ ತಗ್ಗುತ್ತದೆ.

ಈ ಗುತ್ತಿಗೆದಾರರನ್ನು ಆರಿಸಿಕೊಳ್ಳಲು ಕಾರಣವಿತ್ತು. ಕಡಿಮೆ ದರ ಹೇಳಿದ್ದ ಇನ್ನೊಬ್ಬರು, ಹೊಳೆಯುವ ಫಾಯಿಲ್ ಹಾಸಿ ಅದರ ಮೇಲೆ ನೇರವಾಗಿ ಗಾರೆ ಹಾಕುತ್ತೇವೆ ಎಂದಿದ್ದರು. ಫಾಯಿಲ್ ವಿಕಿರಣದ ಶಾಖವನ್ನು ಹಿಮ್ಮೆಟ್ಟಿಸಬೇಕಾದರೆ ಅದರ ಒಂದು ಬದಿಗಾದರೂ ಗಾಳಿಯ ಜಾಗವಿರಬೇಕು. ಗಾರೆಗೆ ಅಂಟಿಕೊಂಡ ಫಾಯಿಲ್‌ನಿಂದ ಪ್ರಯೋಜನವಿಲ್ಲ. ನಮ್ಮವರಾದರೋ ಮೊದಲು ವಾಟರ್‌ಪ್ರೂಫಿಂಗ್ ಪದರವನ್ನು ಸರಿಪಡಿಸಿ, ನೀರು ನಿಲ್ಲಿಸಿ ಪರೀಕ್ಷಿಸಿ, ಅದರ ಮೇಲೆ ಹಲಗೆಗಳನ್ನು ಸಂದಿಲ್ಲದಂತೆ ಕೂಡಿಸಿದರು. ಎಕ್ಸ್‌ಪಿಎಸ್ ನೀರನ್ನು ಅತಿ ಕಡಿಮೆ ಹೀರುವುದರಿಂದ ಈ ಕ್ರಮ ಸರಿಯಾದದ್ದೇ. ಬಿಸಿಲಿಗೆ ನೇರವಾಗಿ ಒಡ್ಡಿದರೆ ಹಲಗೆ ಕ್ರಮೇಣ ಪುಡಿಯಾಗುತ್ತದೆ ಎಂಬ ಕಾರಣಕ್ಕೆ ಅದೇ ವಾರ ಮೇಲೆ ಕಾಂಕ್ರೀಟಿನ ತೆಳುಪದರವನ್ನೂ ಹಾಕಿದರು.

ಅಂದಿನಿಂದ ನನ್ನ ರಾತ್ರಿಗಳಿಗೆ ಒಂದು ಹೊಸ ಅಭ್ಯಾಸ ಸೇರಿಕೊಂಡಿತು. ಊಟ ಮುಗಿಸಿ, ದೀಪ ಆರಿಸುವ ಮುನ್ನ, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಕುರ್ಚಿಯ ಮೇಲೆ ನಿಂತು ಚಾವಣಿಯ ಉಷ್ಣಾಂಶ ನೋಡುತ್ತೇನೆ. ದೂರದಿಂದ ಹಿಡಿದರೆ ಅದು ಅಗಲವಾದ ಜಾಗದ ಸರಾಸರಿಯನ್ನು ತೋರಿಸುವುದರಿಂದ ಹತ್ತಿರ ಹೋಗುವುದೇ ಒಳ್ಳೆಯದು. ಮೊದಲು ಚಾವಣಿಯ ನಡುಭಾಗ, ಆಮೇಲೆ ಗೋಡೆ, ಕೊನೆಗೆ ಹಾಸಿಗೆಯ ಪಕ್ಕದ ನೆಲ, ಹೀಗೆ ಒಂದು ಕ್ರಮವಿದೆ. ಚಾವಣಿಯ ನಡುಭಾಗಕ್ಕೂ ಗೋಡೆಗೂ ಹೆಚ್ಚಿನ ವ್ಯತ್ಯಾಸವಿಲ್ಲದ ಮೊದಲ ರಾತ್ರಿ, ಫ್ಯಾನು ಬಿಸಿಗಾಳಿಯನ್ನು ಮೈಮೇಲೆ ದೂಡದೆ ತಿರುಗುತ್ತಿದ್ದಾಗ ಆದ ಸಂತೋಷ ಇಂದಿಗೂ ಕಡಿಮೆಯಾಗಿಲ್ಲ. ಏಸಿ ಹಾಕುವ ರಾತ್ರಿಗಳು ವಿರಳವಾಗಿವೆ.

ಆದರೆ ಅದೇ ಥರ್ಮಾಮೀಟರು ಹೊರಗೋಡೆಯನ್ನು ಚಾವಣಿ ಸೇರುವ ಮೂಲೆಯತ್ತ ತಿರುಗಿದಾಗ ಬೇರೆಯೇ ಸಂಗತಿ ಹೇಳಿತು. ಅಲ್ಲಿ ಗೇಣಗಲದ ಪಟ್ಟಿಯೊಂದು ಕೋಣೆಯ ಉದ್ದಕ್ಕೂ ಬೆಚ್ಚಗಿತ್ತು. ಹಲಗೆಗಳು ತಾರಸಿಯ ಸುತ್ತಲಿನ ಗಿಡ್ಡ ಗೋಡೆಯಾದ ಪ್ಯಾರಪೆಟ್‌ನ ಬುಡಕ್ಕೆ ನಿಂತುಬಿಟ್ಟಿದ್ದವು; ಪ್ಯಾರಪೆಟ್ ಗೋಡೆಗೆ ಯಾವ ಹೊದಿಕೆಯೂ ಇರಲಿಲ್ಲ. ಎರಡೂ ಬದಿಗೆ ಬಿಸಿಲು ತಾಗುವ ಆ ಗೋಡೆ ತನ್ನ ಶಾಖವನ್ನು ನೇರವಾಗಿ ಚಾವಣಿಯ ಅಂಚಿಗೆ ಇಳಿಸುತ್ತಿತ್ತು. ಇಂಥ ಜಾಗಕ್ಕೆ ಉಷ್ಣಸೇತುವೆ ಎನ್ನುತ್ತಾರೆ. ಚಳಿಗಾಲದಲ್ಲಿ ಇದೇ ಸೇತುವೆ ತಿರುಗುಮುರುಗಾಗಿ ಕೆಲಸ ಮಾಡಿತು: ತಣ್ಣಗಾದ ಆ ಪಟ್ಟಿಯ ಮೇಲೆ ಒಳಗಿನ ತೇವ ಹನಿಗಟ್ಟಿ, ಬಣ್ಣ ಉಬ್ಬಿ, ಕಪ್ಪು ಬೂಷ್ಟು ಹಿಡಿಯಿತು. ಉತ್ತಮ ಹಲಗೆಗೆ ಹಣ ತೆತ್ತ ಮನೆಯಲ್ಲಿ ಮೊದಲಿರದ ಬೂಷ್ಟು ಕಾಣಿಸಿಕೊಂಡದ್ದು ನನ್ನನ್ನು ಬಹಳವಾಗಿ ನೋಯಿಸಿತು.

ಗುತ್ತಿಗೆದಾರರ ಕಚೇರಿಯಿಂದ ಬಂದ ಉತ್ತರ, ಕೊಟೇಶನ್‌ನಲ್ಲಿ ತಾರಸಿಯ ನೆಲದ ಚದರಳತೆ ಮಾತ್ರ ಇದೆ, ಅದನ್ನು ಪೂರ್ತಿ ಮುಚ್ಚಿದ್ದೇವೆ ಎಂದಾಗಿತ್ತು. ಕಾಗದದ ಪ್ರಕಾರ ಅದು ನಿಜ. ಅಂಚನ್ನು ಬಿಟ್ಟರೆ ಏನಾಗುತ್ತದೆ ಎಂಬುದು ಈ ವೃತ್ತಿಯಲ್ಲಿರುವವರಿಗೆ ಗೊತ್ತಿರುವ ವಿಷಯ; ಮನೆಯವರಿಗೆ ಅದನ್ನು ಮೊದಲೇ ತಿಳಿಸುವುದು ಅವರ ಕರ್ತವ್ಯವೆಂದೇ ನಾನು ಈಗಲೂ ಭಾವಿಸುತ್ತೇನೆ. ಸೈಟಿನ ಮೇಲ್ವಿಚಾರಕರು ಮಾತ್ರ ಒಂದು ಸಂಜೆ ತಾವಾಗಿಯೇ ಬಂದು, ಥರ್ಮಾಮೀಟರನ್ನು ನನ್ನ ಕೈಯಿಂದ ಪಡೆದು ಮೂಲೆಯಿಂದ ಮೂಲೆಗೆ ಅಳೆದು, ತೊಂದರೆ ಇದೆ ಎಂದು ಒಪ್ಪಿಕೊಂಡರು. ಸಾಮಗ್ರಿಯ ಹಣವನ್ನಷ್ಟೇ ಪಡೆದು, ಅಂಚಿನ ಕಾಂಕ್ರೀಟ್ ಪದರವನ್ನು ಕತ್ತರಿಸಿ ತೆಗೆಸಿ, ಪ್ಯಾರಪೆಟ್‌ನ ಒಳಮುಖಕ್ಕೂ ತಲೆಗೂ ಹಲಗೆ ಹೊದಿಸಿ ಗಾರೆ ಮಾಡಿಸಿಕೊಟ್ಟರು. ಹೊರಮುಖ ಹಾಗೆಯೇ ಉಳಿದಿರುವುದರಿಂದ ವ್ಯತ್ಯಾಸ ಪೂರ್ತಿ ಅಳಿದಿಲ್ಲ, ಆದರೆ ಬಹಳ ಕಡಿಮೆಯಾಗಿದೆ. ಬೂಷ್ಟು ಮರಳಿ ಬಂದಿಲ್ಲ. ಅವರ ಮೇಲೆ ನನಗೆ ಗೌರವವಿದೆ.

ಗುತ್ತಿಗೆದಾರರನ್ನು ಹುಡುಕುತ್ತಿರುವವರು ಹಲಗೆಯ ಬ್ರಾಂಡಿನ ವಿಚಾರಣೆಗೆ ಕೊಡುವ ಸಮಯದಲ್ಲಿ ಅರ್ಧವನ್ನು ಅಂಚಿಗೆ ಕೊಡಲಿ. ಪ್ಯಾರಪೆಟ್, ನೀರಿನ ಕೊಳವೆ ಹಾದುಹೋಗುವ ತೂತು, ಟ್ಯಾಂಕಿನ ಕಾಲುಗಳು, ಮೆಟ್ಟಿಲ ಕೋಣೆಯ ಬಾಗಿಲು, ಇವುಗಳಲ್ಲಿ ಪ್ರತಿಯೊಂದರ ಬಳಿ ಹಲಗೆ ಹೇಗೆ ಮುಗಿಯುತ್ತದೆ ಎಂಬುದರ ಕೈನಕ್ಷೆಯನ್ನು ಕೇಳಿ ಪಡೆದು, ಅದನ್ನು ಒಪ್ಪಂದಕ್ಕೆ ಲಗತ್ತಿಸಬೇಕು. ಮೇಲಿನ ಪದರ ಹಾಕುವ ಮುನ್ನ ಒಂದು ದಿನ ಕೆಲಸ ನಿಲ್ಲಿಸಿ, ಕೂಡುಗಳನ್ನು ಕಣ್ಣಾರೆ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಬೇಕು. ಮುಚ್ಚಿದ ಮೇಲೆ ನೋಡಬೇಕೆಂದರೆ ಒಡೆಯುವುದೊಂದೇ ದಾರಿ. ಕೊನೆಯ ಕಂತನ್ನು ಒಂದು ಬೇಸಿಗೆ ಕಳೆದ ಮೇಲೆ ಕೊಡುವುದಕ್ಕೆ ಒಪ್ಪುವವರು ಸಿಕ್ಕರೆ, ದರ ಸ್ವಲ್ಪ ಹೆಚ್ಚಾದರೂ ಅವರಿಗೇ ಕೆಲಸ ಕೊಡಬಹುದು.

ನಮ್ಮ ಮೆಟ್ಟಿಲ ಕೋಣೆಯ ಸೂರಿಗೆ ಇನ್ನೂ ಹೊದಿಕೆ ಇಲ್ಲ. ಅದರ ಕೊಟೇಶನನ್ನು ಇದೇ ಮೇಲ್ವಿಚಾರಕರಿಂದ ಕೇಳಿದ್ದೇನೆ, ಅಂಚಿನ ನಕ್ಷೆಯೊಂದಿಗೆ.